ಹರದಾರಿಗೆ ಸಿಗದ ಹಾದಿ: ಸಂತ ಫ್ರಾನ್ಸಿಸ್ ಕ್ಸೇವಿಯರರ ಸಾಗರಯಾನ

ಡಿಸೆಂಬರ್ 3 ಸಮೀಪಿಸಿತೆಂದರೆ ನಮ್ಮ ಕರಾವಳಿಯ ಕಥೋಲಿಕ ಕುಟುಂಬಗಳಲ್ಲಿ ಹಳೆಯ ಗೋವೆಯ ನೆನಪು ತಾನಾಗಿಯೇ ಮೂಡುತ್ತದೆ. ಅಲ್ಲಿನ ಬೊಮ್ ಜೀಸಸ್ ಬಸಿಲಿಕಾದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಪಾರ್ಥಿವ ಶರೀರದ ಅವಶೇಷಗಳನ್ನು ಬೆಳ್ಳಿಯ ಪೆಟ್ಟಿಗೆಯಲ್ಲಿ ಇರಿಸಲಾಗಿದೆ. ಹತ್ತು ವರ್ಷಗಳಿಗೊಮ್ಮೆ ನಡೆಯುವ ಅವುಗಳ ಸಾರ್ವಜನಿಕ ದರ್ಶನ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಜರುಗಿದಾಗ ನಮ್ಮವರಲ್ಲಿ ಅನೇಕರು ರೈಲಿನಲ್ಲೋ ಬಸ್ಸಿನಲ್ಲೋ ಹೋಗಿ ಬಂದರು. ಮಂಗಳೂರಿನಲ್ಲಿ ರೈಲು ಹತ್ತಿದವರು ಅರ್ಧ ದಿನದೊಳಗೆ ಗೋವೆಯಲ್ಲಿ ಇಳಿಯುತ್ತಾರೆ. ಅದೇ ಗೋವೆಯನ್ನು ಮುಟ್ಟಲು ಆ ಸಂತರಿಗೆ ಹಿಡಿದದ್ದು ಹದಿಮೂರು ತಿಂಗಳು.

ಕ್ಸೇವಿಯರರ ಜೀವನಚರಿತ್ರೆಯನ್ನು ನಾವು ಬಾಲ್ಯದಿಂದಲೂ ಕೇಳಿದ್ದೇವೆ. ಅವರ ಪ್ರಾರ್ಥನೆ, ತ್ಯಾಗ, ಪವಾಡಗಳನ್ನು ಕುರಿತು ಪ್ರತಿವರ್ಷವೂ ಪ್ರಬೋಧನೆಗಳನ್ನು ಆಲಿಸುತ್ತೇವೆ. ಆದರೆ ಅವರು ಕಡಲ ಮೇಲೆ ಕಳೆದ ದಿನಗಳ ಲೆಕ್ಕವನ್ನು ನಾವು ಹಾಕಿ ನೋಡುವುದು ಅಪರೂಪ. ಒಂದು ಬಂದರಿನಿಂದ ಇನ್ನೊಂದಕ್ಕೆ ಎಷ್ಟು ಹರದಾರಿ, ಎಷ್ಟು ದಿನ ಎಂಬ ಪ್ರಶ್ನೆಗೆ ಖಚಿತವಾದ ಉತ್ತರವೇ ಇಲ್ಲದಿದ್ದ ಕಾಲದಲ್ಲಿ ಬದುಕಿದವರು ಅವರು. ಆ ಅನಿಶ್ಚಿತತೆಯನ್ನು ಅರಿತಲ್ಲದೆ ಅವರ ವಿಧೇಯತೆಯ ಬೆಲೆ ನಮಗೆ ತಿಳಿಯಲಾರದು.

ಫ್ರಾನ್ಸಿಸ್ ಕ್ಸೇವಿಯರರು 1506ರ ಏಪ್ರಿಲ್ 7ರಂದು ನವಾರ್ ಪ್ರಾಂತದ ಹಾವಿಯೇರ್ ಕೋಟೆಮನೆಯಲ್ಲಿ ಜನಿಸಿದರು. ತಂದೆ ಅಲ್ಲಿನ ಅರಸರ ಆಸ್ಥಾನದಲ್ಲಿ ಉನ್ನತ ಅಧಿಕಾರಿಯಾಗಿದ್ದರು. ಪರ್ವತಪ್ರಾಂತದಲ್ಲಿ ಬೆಳೆದ ಈ ಬಾಲಕ ಮುಂದೆ ಜೀವನದ ಬಹುಭಾಗವನ್ನು ಹಡಗಿನ ಹಲಗೆಯ ಮೇಲೆ ಕಳೆಯುವನೆಂದು ಯಾರೂ ಊಹಿಸಿರಲಾರರು. 1525ರಲ್ಲಿ ವಿದ್ಯಾಭ್ಯಾಸಕ್ಕಾಗಿ ಪ್ಯಾರಿಸ್ ನಗರಕ್ಕೆ ಹೋದ ಅವರಿಗೆ ಸಂತ ಬಾರ್ಬರ ಕಾಲೇಜಿನಲ್ಲಿ ಪೀಟರ್ ಫೇಬರ್ ಕೊಠಡಿಯ ಸಂಗಾತಿಯಾದರು. ನಾಲ್ಕು ವರ್ಷಗಳ ತರುವಾಯ ಇಗ್ನೇಷಿಯಸ್ ಲೊಯೋಲರೂ ಅಲ್ಲಿಗೆ ಬಂದು ಸೇರಿದರು. ಕೀರ್ತಿಯನ್ನೂ ಪದವಿಯನ್ನೂ ಬಯಸಿದ್ದ ಯುವಕ ನಿಧಾನವಾಗಿ ಮನಸ್ಸು ಬದಲಿಸಿದರು. 1534ರ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ದಿನ, ಏಳು ಮಂದಿ ಗೆಳೆಯರು ಮೊಂಮಾರ್ತ್ರ್ ಗುಡ್ಡದ ಮೇಲೆ ಬಡತನ ಮತ್ತು ಬ್ರಹ್ಮಚರ್ಯದ ವ್ರತವನ್ನು ಕೈಗೊಂಡು, ಜೆರುಸಲೇಮಿಗೆ ಹೋಗುವ ಸಂಕಲ್ಪವನ್ನೂ ಮಾಡಿದರು.

ಕಡಲು ಅವರಿಗೆ ಮೊದಲ ಪಾಠವನ್ನು ಕಲಿಸಿದ್ದು ಇಲ್ಲಿಯೇ. 1537ರ ಜೂನ್ 24ರಂದು ವೆನಿಸ್ ನಗರದಲ್ಲಿ ಕ್ಸೇವಿಯರರಿಗೆ ಗುರುದೀಕ್ಷೆಯಾಯಿತು. ಅಲ್ಲಿಂದ ಪವಿತ್ರ ನಾಡಿಗೆ ವರ್ಷವರ್ಷವೂ ಯಾತ್ರಿಕರ ಹಡಗು ಹೊರಡುವ ವಾಡಿಕೆಯಿತ್ತು. ಆದರೆ ತುರ್ಕರೊಂದಿಗೆ ಯುದ್ಧ ಆರಂಭವಾದುದರಿಂದ ಹಡಗು ಹೊರಡಲೇ ಇಲ್ಲ. ವೆನಿಸಿನಿಂದ ಜೆರುಸಲೇಮಿಗೆ ದೂರ ಬೆಳೆದಿರಲಿಲ್ಲ, ದಾರಿ ಮಾತ್ರ ಇಲ್ಲವಾಯಿತು. ಒಂದು ವರ್ಷ ಕಾದ ಬಳಿಕ ಗೆಳೆಯರು ತಮ್ಮ ಮೊದಲ ನಿಶ್ಚಯದಂತೆ ಜಗದ್ಗುರು ಮೂರನೆಯ ಪೌಲರ ಬಳಿಗೆ ಹೋಗಿ, ಅವರು ಎಲ್ಲಿಗೆ ಕಳುಹಿಸಿದರೂ ಹೋಗುವುದಾಗಿ ತಿಳಿಸಿದರು. ಯೇಸುಸಭೆಯ ಬೀಜ ಹೀಗೆ ಬಾರದ ಒಂದು ಹಡಗಿನ ನಿರೀಕ್ಷೆಯಲ್ಲಿಯೂ ಮೊಳೆಯಿತು ಎನ್ನಬಹುದು.

ಪೋರ್ಚುಗಲ್ ದೇಶದ ಮೂರನೆಯ ಜಾನ್ ದೊರೆ ತನ್ನ ಪೂರ್ವದೇಶಗಳಿಗೆ ಗುರುಗಳು ಬೇಕೆಂದು ಕೇಳಿದಾಗ ಇಗ್ನೇಷಿಯಸರು ಆರಿಸಿದ್ದು ಬೇರೊಬ್ಬರನ್ನು. ನಿಕೊಲಾಸ್ ಬೊಬಡಿಲ್ಲಾ ಎಂಬ ಆ ಸಂಗಡಿಗರು ಕಾಯಿಲೆ ಬಿದ್ದುದರಿಂದ ಕ್ಸೇವಿಯರರಿಗೆ ಕರೆ ಬಂತು. 1540ರ ಮಾರ್ಚ್ ನಡುವಿನಲ್ಲಿ ರಾಯಭಾರಿ ಪೆದ್ರೊ ಮಸ್ಕರೇನಸರ ಜೊತೆಗೆ ಅವರು ರೋಮಿನಿಂದ ಹೊರಟು ಜೂನ್ ಕೊನೆಯ ಹೊತ್ತಿಗೆ ಲಿಸ್ಬನ್ ಸೇರಿದರು. ಅಷ್ಟರಲ್ಲಿ ಆ ವರ್ಷದ ಹಡಗುಗಳು ಹೊರಟುಹೋಗಿದ್ದವು. ಭಾರತಕ್ಕೆ ಹೋಗಲು ಮುಂದಿನ ವಸಂತದವರೆಗೆ ಕಾಯುವುದಲ್ಲದೆ ಅನ್ಯಮಾರ್ಗವಿರಲಿಲ್ಲ.

ಇದೇಕೆ ಹೀಗೆ ಎಂದು ಓದುಗರು ಕೇಳಬಹುದು. ಉತ್ತರವನ್ನು ಬಲ್ಲವರು ನಮ್ಮ ಮೊಗವೀರ ಬಂಧುಗಳು. ಜೂನ್ ತಿಂಗಳು ಕಾಲಿಟ್ಟಿತೆಂದರೆ ಕರಾವಳಿಯ ದೋಣಿಗಳು ದಡಕ್ಕೇರುತ್ತವೆ. ಮುಂಗಾರಿನ ನೈರುತ್ಯ ಮಾರುತವು ಹಾಯಿಯ ಹಡಗನ್ನು ಆಫ್ರಿಕದ ಕಡೆಯಿಂದ ಭಾರತದತ್ತ ತಳ್ಳುತ್ತದೆ. ಚಳಿಗಾಲದ ಈಶಾನ್ಯ ಮಾರುತ ಹಿಂದಕ್ಕೆ ಒಯ್ಯುತ್ತದೆ. ಲಿಸ್ಬನ್ನಿನಿಂದ ಮಾರ್ಚ್ ಅಥವಾ ಏಪ್ರಿಲ್ ಆದಿಯಲ್ಲಿ ಹೊರಟ ಹಡಗು ಜುಲೈ ವೇಳೆಗೆ ಗುಡ್ ಹೋಪ್ ಭೂಶಿರವನ್ನು ಬಳಸಿದರೆ ಮುಂಗಾರಿನ ಕೊನೆಯ ಗಾಳಿಯನ್ನು ಹಿಡಿದು ಸೆಪ್ಟೆಂಬರಿನಲ್ಲಿ ಗೋವೆ ಸೇರಬಹುದು. ಆ ಗಾಳಿ ತಪ್ಪಿತೋ, ಆಫ್ರಿಕದ ದಡದಲ್ಲಿ ಅರ್ಧ ವರ್ಷ ಕೂರಬೇಕು. ಹೀಗಾಗಿ ಅಂದಿನ ನಾವಿಕನಿಗೆ ಹೊರಡುವ ತಾರೀಖು ಹರದಾರಿಯ ಲೆಕ್ಕಕ್ಕಿಂತ ಮುಖ್ಯವಾಗಿತ್ತು.

ಹಾಗೆಂದು ಹರದಾರಿಯ ಲೆಕ್ಕವೇನೂ ಸುಲಭವಾಗಿರಲಿಲ್ಲ. ಪೋರ್ಚುಗೀಸರು ಸಮುದ್ರದ ದೂರವನ್ನು ಲೆಗ್ವಾ ಎಂಬ ಅಳತೆಯಲ್ಲಿ ಎಣಿಸುತ್ತಿದ್ದರು. ನಮ್ಮ ಹಿರಿಯರ ಹರದಾರಿಗೆ ಹತ್ತಿರದ ಮಾನವಾದರೂ ಅದಕ್ಕಿಂತ ತುಸು ದೊಡ್ಡದು, ಇಂದಿನ ಲೆಕ್ಕದಲ್ಲಿ ಸುಮಾರು ಆರು ಕಿಲೋಮೀಟರು. ಅಕ್ಷಾಂಶದ ಒಂದು ಡಿಗ್ರಿಗೆ ಹದಿನೇಳೂವರೆ ಲೆಗ್ವಾ ಎಂಬುದು ನಾವಿಕರ ಸೂತ್ರ. ನಡುಹಗಲಿನಲ್ಲಿ ಆಸ್ಟ್ರೋಲೇಬ್ ಎಂಬ ಹಿತ್ತಾಳೆಯ ಬಳೆಯನ್ನು ತೂಗುಹಿಡಿದು ಸೂರ್ಯನ ಎತ್ತರವನ್ನು ಅಳೆದು, ಪಂಚಾಂಗದಂತಹ ಕೋಷ್ಟಕವನ್ನು ನೋಡಿ ಹಡಗು ಯಾವ ಅಕ್ಷಾಂಶದಲ್ಲಿದೆ ಎಂದು ತಿಳಿಯುತ್ತಿದ್ದರು. ಭೂಮಧ್ಯರೇಖೆಯನ್ನು ದಾಟಿದ ಮೇಲೆ ಧ್ರುವನಕ್ಷತ್ರ ಮರೆಯಾಗುತ್ತದೆ. ಆಗ ಶಿಲುಬೆಯಾಕಾರದ ದಕ್ಷಿಣದ ನಕ್ಷತ್ರಪುಂಜವೇ ಇರುಳಿನ ಆಸರೆ.

ಉತ್ತರ-ದಕ್ಷಿಣದ ದೂರ ಹೀಗೆ ದೊರಕುತ್ತಿತ್ತು. ಪೂರ್ವ-ಪಶ್ಚಿಮದ ದೂರಕ್ಕೆ ಇಂತಹ ಸಾಧನವಿರಲಿಲ್ಲ. ಒಂದು ಉದಾಹರಣೆ ನೋಡೋಣ. ಮೊಜಾಂಬಿಕ್ ದ್ವೀಪವು ಭೂಮಧ್ಯರೇಖೆಯ ದಕ್ಷಿಣಕ್ಕೆ ಹದಿನೈದು ಡಿಗ್ರಿಯಲ್ಲಿದೆ. ಗೋವೆ ಉತ್ತರಕ್ಕೆ ಹದಿನೈದೂವರೆ ಡಿಗ್ರಿಯಲ್ಲಿದೆ. ನಡುವಣ ಮೂವತ್ತೂವರೆ ಡಿಗ್ರಿಗೆ ಸುಮಾರು 534 ಲೆಗ್ವಾ ಎಂದು ನಾವಿಕ ಧೈರ್ಯವಾಗಿ ಹೇಳಬಲ್ಲನು. ಆದರೆ ಮೊಜಾಂಬಿಕಿನಿಂದ ಗೋವೆ ಪೂರ್ವಕ್ಕೆ ಎಷ್ಟು ದೂರವಿದೆ ಎಂಬುದಕ್ಕೆ ಅವನಲ್ಲಿದ್ದುದು ಅಂದಾಜು ಮಾತ್ರ. ನೊರೆ ಹಿಂದಕ್ಕೆ ಸರಿಯುವುದನ್ನು ಕಣ್ಣಳತೆಯಲ್ಲಿ ನೋಡಿ ಹಡಗಿನ ವೇಗವನ್ನು ಊಹಿಸುವುದು, ಅರ್ಧ ಗಂಟೆಯ ಮರಳು ಗಡಿಯಾರವನ್ನು ತಿರುಗಿಸುತ್ತಾ ಕಾಲವನ್ನು ಎಣಿಸುವುದು, ದಿಕ್ಸೂಚಿಯಿಂದ ದಿಕ್ಕನ್ನು ಗುರುತಿಸುವುದು, ಇವಿಷ್ಟನ್ನು ಕೂಡಿಸಿ ನಕ್ಷೆಯ ಮೇಲೆ ಚುಕ್ಕೆ ಇಡುವುದು ಅಂದಿನ ಕ್ರಮ. ಅಡಿಯಲ್ಲಿ ಹರಿಯುವ ಪ್ರವಾಹವು ಹಡಗನ್ನು ಪಕ್ಕಕ್ಕೆ ಒಯ್ದರೆ ಅದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಇಂತಹ ತಪ್ಪು ವಾರಗಟ್ಟಲೆ ಕೂಡುತ್ತಾ ಹೋಗಿ ನೂರಾರು ಕಿಲೋಮೀಟರು ಆಗುವುದುಂಟು. ಆದ್ದರಿಂದ ಜಾಣ ನಾವಿಕರು ಮೊದಲು ಗುರಿಯ ಅಕ್ಷಾಂಶವನ್ನು ಮುಟ್ಟಿ, ಬಳಿಕ ಅದೇ ಅಕ್ಷಾಂಶದಲ್ಲಿ ನೆಲ ಕಾಣುವವರೆಗೆ ಸಾಗುತ್ತಿದ್ದರು. ತೇಲಿಬಂದ ಪಾಚಿ, ಹಾರಿಬಂದ ಹಕ್ಕಿ, ಬಣ್ಣ ಬದಲಿಸಿದ ನೀರು, ಇವೇ ಅವರ ಮೈಲಿಗಲ್ಲುಗಳು.

ಇಂತಹ ಲೆಕ್ಕವನ್ನು ನಂಬಿ 1541ರ ಏಪ್ರಿಲ್ 7ರಂದು, ತಮಗೆ ಮೂವತ್ತೈದು ವರ್ಷ ತುಂಬಿದ ದಿನವೇ, ಕ್ಸೇವಿಯರರು ಸಾಂತಿಯಾಗೊ ಎಂಬ ನೌಕೆಯನ್ನೇರಿದರು. ಹೊಸ ಗವರ್ನರ್ ಮಾರ್ಟಿಮ್ ಅಫೊನ್ಸೊ ಡಿ ಸೋಜರೂ ಅದೇ ನೌಕೆಯಲ್ಲಿದ್ದರು. ಜಗದ್ಗುರುಗಳ ಪ್ರತಿನಿಧಿಯೆಂಬ ಅಧಿಕಾರಪತ್ರ ಕ್ಸೇವಿಯರರ ಬಳಿ ಇತ್ತು. ಆದರೂ ಸೇವಕನನ್ನು ಕೊಡುತ್ತೇವೆಂದಾಗ ಬೇಡವೆಂದು, ತಮ್ಮ ಬಟ್ಟೆಯನ್ನು ತಾವೇ ಒಗೆದುಕೊಂಡು, ಕಾಯಿಲೆಯವರ ಆರೈಕೆ ಮಾಡುತ್ತಾ ಸಾಗಿದರು. ಮೊದಲ ಎರಡು ತಿಂಗಳು ಅವರಿಗೇ ಕಡಲಬೇನೆ ಕಾಡಿತು. ಗಿನಿ ಕರಾವಳಿಯ ಬಳಿ ಗಾಳಿ ಸಂಪೂರ್ಣ ನಿಂತು ನಲವತ್ತು ದಿನಗಳಷ್ಟು ಕಾಲ ಬಿಸಿಲಿನಲ್ಲಿ ಬೇಯಬೇಕಾಯಿತು. ಆಹಾರ ಕೆಡುವುದು, ನೀರು ನಾರುವುದು, ಜ್ವರ ಹರಡುವುದು ಅಂತಹ ಸ್ಥಳದಲ್ಲಿ ಸಾಮಾನ್ಯ. ಅಂತೂ ಭೂಶಿರವನ್ನು ಬಳಸಿ ಮೊಜಾಂಬಿಕ್ ಮುಟ್ಟುವಷ್ಟರಲ್ಲಿ ಸುಮಾರು ಐದು ತಿಂಗಳು ಕಳೆದಿತ್ತು, ಮುಂಗಾರಿನ ಗಾಳಿ ಕೈತಪ್ಪಿತ್ತು.

ಈ ನಷ್ಟ ಎಷ್ಟು ದೊಡ್ಡದೆಂಬುದು ಇನ್ನೊಂದು ಯಾನದೊಡನೆ ಹೋಲಿಸಿದಾಗ ಸ್ಪಷ್ಟವಾಗುತ್ತದೆ. ಮೂರು ವರ್ಷಗಳ ಹಿಂದೆ, 1538ರಲ್ಲಿ, ಜುವಾಂವ್ ಡಿ ಕಾಸ್ಟ್ರೊ ಎಂಬ ವಿದ್ವಾಂಸ ನಾವಿಕರು ಇದೇ ಲಿಸ್ಬನ್ನಿನಿಂದ ಏಪ್ರಿಲ್ ತಿಂಗಳ ಮೊದಲ ವಾರದಲ್ಲಿಯೇ ಹೊರಟು ಸೆಪ್ಟೆಂಬರಿನಲ್ಲಿ ಗೋವೆ ತಲುಪಿದ್ದರು. ಬಂದರು ಅದೇ, ವಾರ ಅದೇ, ದೂರ ಅದೇ. ಒಬ್ಬರಿಗೆ ಐದು ತಿಂಗಳು, ಇನ್ನೊಬ್ಬರಿಗೆ ಹದಿಮೂರು. ದಾರಿಯುದ್ದಕ್ಕೂ ದಿಕ್ಸೂಚಿಯ ಮುಳ್ಳಿನ ಓರೆಯನ್ನು ಪರಿಶೀಲಿಸುತ್ತಾ, ಪೂರ್ವ-ಪಶ್ಚಿಮದ ದೂರವನ್ನು ತಿಳಿಯಲು ಅದು ನೆರವಾದೀತೇ ಎಂದು ಪರೀಕ್ಷಿಸಿದ ಕಾಸ್ಟ್ರೊರವರು ಆಗದೆಂದು ಕಂಡುಕೊಂಡರು. ಇವರೇ ಮುಂದೆ ಗೋವೆಯ ಗವರ್ನರರೂ ವೈಸರಾಯರೂ ಆಗಿ 1548ರ ಜೂನಿನಲ್ಲಿ ಮರಣಶಯ್ಯೆಯಲ್ಲಿದ್ದಾಗ ಪಕ್ಕದಲ್ಲಿದ್ದು ಸಾಂತ್ವನ ನೀಡಿದವರು ಕ್ಸೇವಿಯರರು. ಕಡಲನ್ನು ಅಳೆಯಲು ಶ್ರಮಿಸಿದವರು ಒಬ್ಬರು, ಅಳತೆಗೆ ಸಿಗದ ಕಡಲಿಗೆ ತಮ್ಮನ್ನು ಒಪ್ಪಿಸಿಕೊಂಡವರು ಇನ್ನೊಬ್ಬರು.

ಮೊಜಾಂಬಿಕಿನಲ್ಲಿ ಕ್ಸೇವಿಯರರು ಆರು ತಿಂಗಳ ಕಾಯುವಿಕೆಯನ್ನು ವ್ಯರ್ಥಗೊಳಿಸಲಿಲ್ಲ. ನೌಕೆಗಳಿಂದ ಇಳಿದ ರೋಗಿಗಳಿಂದ ಅಲ್ಲಿನ ಆಸ್ಪತ್ರೆ ತುಂಬಿತ್ತು. ಅವರ ನಡುವೆ ಮಲಗಿ, ಪಾಪನಿವೇದನೆ ಆಲಿಸಿ, ಸಾಯುವವರ ಕೈಹಿಡಿದು ಕುಳಿತರು. ಕೊನೆಗೆ ತಾವೇ ಜ್ವರದಿಂದ ಹಾಸಿಗೆ ಹಿಡಿದರು. 1542ರ ಆದಿಯಲ್ಲಿ ಬೇರೊಂದು ಹಡಗಿನಲ್ಲಿ ಹೊರಟು, ಮಲಿಂದಿ ಮತ್ತು ಸೊಕೊಟ್ರ ಮಾರ್ಗವಾಗಿ ಮೇ 6ರಂದು ಗೋವೆಗೆ ಬಂದಿಳಿದರು. ಲಿಸ್ಬನ್ ಬಿಟ್ಟು 394 ದಿನಗಳಾಗಿದ್ದವು.

ಹಾಯಿಹಡಗಿನ ಬಳಸುದಾರಿ ಸುಮಾರು ಹನ್ನೆರಡು ಸಾವಿರ ಕಡಲ ಮೈಲು. ಅದನ್ನು ಆರು ತಿಂಗಳ ಸಾಧಾರಣ ಯಾನಕ್ಕೆ ಹಂಚಿದರೆ ದಿನಕ್ಕೆ ಅರವತ್ತೇಳು ಮೈಲು ಬೀಳುತ್ತದೆ; ಗಂಟೆಗೆ ಮೂರು ಮೈಲೂ ಇಲ್ಲ, ನಡೆದುಹೋಗುವ ಮನುಷ್ಯನ ವೇಗ. 1869ರಲ್ಲಿ ಸುಯೆಜ್ ಕಾಲುವೆ ತೆರೆದ ಬಳಿಕ ಇದೇ ಎರಡು ಬಂದರುಗಳ ನಡುವಣ ದಾರಿ ಐದೂವರೆ ಸಾವಿರ ಮೈಲಿನ ಆಸುಪಾಸಿಗೆ ಇಳಿಯಿತು. ಗಂಟೆಗೆ ಹದಿನಾಲ್ಕು ಮೈಲು ಸಾಗುವ ಇಂದಿನ ಸಾಮಾನು ಹಡಗಿಗೆ ಅದು ಹದಿನಾರು-ಹದಿನೇಳು ದಿನಗಳ ಕೆಲಸ.

ಗೋವೆಯಿಂದ ಮುಂದಿನ ಹತ್ತು ವರ್ಷಗಳ ಕಥೆ ಓದುಗರಿಗೆ ತಿಳಿದದ್ದೇ. ತಮಿಳುನಾಡಿನ ಮುತ್ತಿನ ಕರಾವಳಿಯ ಪರವರ ನಡುವೆ ಗಂಟೆ ಬಾರಿಸುತ್ತಾ ಮಕ್ಕಳನ್ನು ಕರೆದು ಜಪಗಳನ್ನು ಕಲಿಸಿದರು. 1545ರಲ್ಲಿ ಮಲಾಕ್ಕಕ್ಕೆ, 1546ರಲ್ಲಿ ಅಂಬೊನ್ ಮತ್ತು ಮಲುಕು ದ್ವೀಪಗಳಿಗೆ ಹೋದರು. ಅಲ್ಲಿ ಅವರನ್ನು ಅತಿಯಾಗಿ ಕಾಡಿದ್ದು ಹಸಿವಲ್ಲ, ಒಂಟಿತನ. ರೋಮಿನಿಂದ ಬರೆದ ಪತ್ರವೊಂದು ಮಲುಕು ತಲುಪಿ, ಅದರ ಉತ್ತರ ಮರಳಿ ರೋಮನ್ನು ಸೇರಲು, ಗಾಳಿ ಅನುಕೂಲವಾಗಿದ್ದರೂ ಮೂರು ವರ್ಷ ಒಂಬತ್ತು ತಿಂಗಳು ಬೇಕೆಂದು ಅವರೇ ಲೆಕ್ಕ ಹಾಕಿದ್ದರು. ಕೇಳಿದ ಪ್ರಶ್ನೆಗೆ ಸಲಹೆ ಬರುವಷ್ಟರಲ್ಲಿ ಪ್ರಶ್ನೆಯೇ ಹಳತಾಗಿರುತ್ತಿತ್ತು. ಗೆಳೆಯರು ಬರೆದ ಪತ್ರಗಳಿಂದ ಅವರ ಸಹಿಗಳನ್ನು ಕತ್ತರಿಸಿ ಎದೆಯ ಬಳಿ ಧರಿಸಿಕೊಂಡಿದ್ದರು ಎಂಬ ಸಂಗತಿಯನ್ನು ಇಲ್ಲಿ ನೆನೆಯಬೇಕು. ಇಗ್ನೇಷಿಯಸರು ಭಾರತವನ್ನು ಪ್ರತ್ಯೇಕ ಪ್ರಾಂತವನ್ನಾಗಿಸಿ ಕ್ಸೇವಿಯರರನ್ನು ಪ್ರಾಂತಾಧಿಕಾರಿಯಾಗಿ ನೇಮಿಸಿದ್ದು 1549ರ ಅಕ್ಟೋಬರಿನಲ್ಲಿ. ಆ ಆಜ್ಞೆ ಅವರ ಕೈಗೆ ಬಂದದ್ದು 1551ರ ಕೊನೆಗೆ, ಅದೂ ಮಲಾಕ್ಕದಲ್ಲಿ.

ಮೇಲಧಿಕಾರಿಯ ಮಾತು ಎರಡು ವರ್ಷ ದೂರದಲ್ಲಿರುವಾಗ ವಿಧೇಯತೆ ಎಂದರೇನು? ಕೇಳಿ ಮಾಡುವುದು ಅಲ್ಲಿ ಅಸಾಧ್ಯ. ಗೆಳೆಯನ ಮನಸ್ಸನ್ನು ಅರಿತು, ಆತನು ಪಕ್ಕದಲ್ಲಿದ್ದರೆ ಏನು ಹೇಳುತ್ತಿದ್ದನೆಂದು ಪ್ರಾರ್ಥನೆಯಲ್ಲಿ ತೂಗಿ ನೋಡಿ ಹೆಜ್ಜೆಯಿಡಬೇಕು. ಇದೂ ಒಂದು ಬಗೆಯ ಅಂದಾಜೇ. ನಾವಿಕನು ಕಾಣದ ನೆಲದತ್ತ ಸಾಗುವಂತೆ ಕ್ಸೇವಿಯರರು ಕೇಳದ ಮಾತಿನತ್ತ ಸಾಗಿದರು.

1549ರ ಏಪ್ರಿಲಿನಲ್ಲಿ ಗೋವೆಯಿಂದ ಹೊರಟು ಮೇ ಕೊನೆಗೆ ಮಲಾಕ್ಕ ಸೇರಿದ ಅವರು ಜೂನ್ 24ರಂದು ಚೀನೀ ವರ್ತಕನೊಬ್ಬನ ಜಂಕ್ ಹಡಗಿನಲ್ಲಿ ಜಪಾನಿನತ್ತ ಹೊರಟರು. ಸಂಗಡ ಗುರು ಕೊಸ್ಮೆ ಡಿ ಟೊರೆಸ್, ಸಹೋದರ ಹುವಾನ್ ಫೆರ್ನಾಂಡಿಸ್ ಮತ್ತು ಅಂಜಿರೊ ಎಂಬ ಜಪಾನೀ ದೀಕ್ಷಿತರಿದ್ದರು. ನಡುದಾರಿಯಲ್ಲಿ ಕಪ್ತಾನನ ಮನಸ್ಸು ಹೊಯ್ದಾಡಿತು. ಚೀನಾ ತೀರದಲ್ಲಿ ಚಳಿಗಾಲ ಕಳೆಯೋಣವೆಂದು ಅವನು ಯೋಚಿಸಿದರೆ ಒಂದು ವರ್ಷವೇ ಹೋದಂತೆ. ಅಷ್ಟರಲ್ಲಿ ಮುಂದಿನ ಬಂದರಿನಲ್ಲಿ ಕಡಲ್ಗಳ್ಳರು ತುಂಬಿದ್ದಾರೆಂಬ ಸುದ್ದಿ ಬಂತು. ಗಾಳಿಯೂ ಜಪಾನಿನ ಕಡೆಗೇ ಬೀಸತೊಡಗಿತು. ಹೀಗೆ ಇಷ್ಟವಿಲ್ಲದ ಕಪ್ತಾನನ ಹಡಗಿನಲ್ಲಿ, ಎರಡೂವರೆ ಸಾವಿರಕ್ಕೂ ಹೆಚ್ಚು ಕಡಲ ಮೈಲುಗಳನ್ನು ಐವತ್ತೆರಡು ದಿನಗಳಲ್ಲಿ ಕ್ರಮಿಸಿ, ಆಗಸ್ಟ್ 15ರಂದು ಅವರು ಕಾಗೊಶಿಮದಲ್ಲಿ ಇಳಿದರು. ಮೊಂಮಾರ್ತ್ರ್ ಗುಡ್ಡದ ವ್ರತಕ್ಕೆ ಅಂದಿಗೆ ಸರಿಯಾಗಿ ಹದಿನೈದು ವರ್ಷ.

ಎರಡು ವರ್ಷಗಳಿಗೂ ಮಿಕ್ಕಿ ಜಪಾನಿನಲ್ಲಿ ದುಡಿದ ಅವರಿಗೆ ಒಂದು ವಿಷಯ ಮನವರಿಕೆಯಾಯಿತು. ಜಪಾನೀಯರು ವಿದ್ಯೆಗೂ ಧರ್ಮಕ್ಕೂ ಚೀನಾದತ್ತ ನೋಡುತ್ತಾರೆ. ಆದ್ದರಿಂದ ಶುಭಸಂದೇಶ ಚೀನಾಕ್ಕೆ ಮುಟ್ಟಬೇಕು. 1552ರ ಏಪ್ರಿಲಿನಲ್ಲಿ ಅವರು ಗೋವೆಯನ್ನು ಕೊನೆಯ ಬಾರಿಗೆ ಬಿಟ್ಟರು. ಚೀನಾದ ಚಕ್ರವರ್ತಿಯಲ್ಲಿಗೆ ರಾಯಭಾರ ಒಯ್ಯಲು ವರ್ತಕ ದಿಯೊಗೊ ಪೆರೇರ ಸಿದ್ಧರಾಗಿದ್ದರು. ಆದರೆ ವಾಸ್ಕೊ ಡ ಗಾಮನ ಮಗನೇ ಆದ ಮಲಾಕ್ಕದ ಕಪ್ತಾನ ಅಲ್ವಾರೊ ಡಿ ಅತಾಯ್ದೆ ಪೆರೇರರನ್ನು ತಡೆಹಿಡಿದನು. ಭಾರತಕ್ಕೆ ಕಡಲದಾರಿಯನ್ನು ತೆರೆದವನ ಮಗನಿಂದಲೇ ಈ ದಾರಿ ಮುಚ್ಚಿತು. ರಾಯಭಾರವಿಲ್ಲದೆ, ಕೆಲವೇ ಸಂಗಡಿಗರೊಡನೆ ಕ್ಸೇವಿಯರರು ಮುಂದೆ ಸಾಗಿ, ಮಳೆಗಾಲದ ಕೊನೆಗೆ ಕಾಂಟನ್ ನಗರದ ನೈರುತ್ಯಕ್ಕಿರುವ ಶಾಂಗ್‌ಚುವಾನ್ ದ್ವೀಪವನ್ನು ಸೇರಿದರು.

ಆ ದ್ವೀಪದಿಂದ ಚೀನಾದ ಮುಖ್ಯನೆಲ ಹದಿನಾಲ್ಕು ಕಿಲೋಮೀಟರುಗಳಷ್ಟು ದೂರ. ಒಳ್ಳೆಯ ಗಾಳಿಯಿದ್ದರೆ ಒಂದು ಬೆಳಗಿನ ದೋಣಿಯಾನ. ಆದರೆ ಪರದೇಶೀಯರು ಒಳಬರಬಾರದೆಂಬ ಕಠಿಣ ಶಾಸನವಿತ್ತು. ಕರೆತಂದವರಿಗೆ ಘೋರ ಶಿಕ್ಷೆಯಾಗುತ್ತಿತ್ತು. ಕಾಳುಮೆಣಸಿನ ರೂಪದಲ್ಲಿ ದೊಡ್ಡ ಮೊತ್ತವನ್ನು ಪಡೆದು ಗುಟ್ಟಾಗಿ ಕಾಂಟನ್ನಿಗೆ ಕರೆದೊಯ್ಯಲು ಒಬ್ಬ ಚೀನೀ ವರ್ತಕ ಒಪ್ಪಿದ್ದನು. ನವೆಂಬರಿನಲ್ಲಿ ಗೊತ್ತುಪಡಿಸಿದ ದಿನ ಬಂತು, ದೋಣಿ ಬರಲಿಲ್ಲ. ಪೋರ್ಚುಗೀಸ್ ಹಡಗುಗಳು ಒಂದೊಂದಾಗಿ ಹಿಂದಿರುಗಿದವು. ಜ್ವರ ಏರಿತು. ಕೊನೆಯವರೆಗೆ ಬಳಿಯಲ್ಲಿದ್ದವರು ಅಂತೋನಿ ಎಂಬ ಚೀನೀ ಯುವಕ. 1552ರ ಡಿಸೆಂಬರ್ 3ರ ನಸುಕಿನಲ್ಲಿ, ನಲವತ್ತಾರನೆಯ ವಯಸ್ಸಿನಲ್ಲಿ, ಕ್ಸೇವಿಯರರು ಕರ್ತರಲ್ಲಿ ನಿದ್ರಿಸಿದರು. ಹನ್ನೆರಡು ಸಾವಿರ ಮೈಲುಗಳ ಯಾನವನ್ನು ಮುಗಿಸಬಲ್ಲವರಿಗೆ ಆ ಹದಿನಾಲ್ಕು ಕಿಲೋಮೀಟರು ಮುಗಿಯದೆ ಉಳಿಯಿತು.

ಇದಕ್ಕಿಂತಲೂ ಮನಕರಗಿಸುವ ಒಂದು ಘಟನೆಯಿದೆ. 1553ರ ಜೂನ್ 28ರಂದು ಇಗ್ನೇಷಿಯಸರು ರೋಮಿನಲ್ಲಿ ಕುಳಿತು ಕ್ಸೇವಿಯರರಿಗೆ ಪತ್ರ ಬರೆದರು. ಅನುಕೂಲವಾದ ಮೊದಲ ಹಡಗಿನಲ್ಲಿ ಯುರೋಪಿಗೆ ಹಿಂದಿರುಗಬೇಕೆಂದು ವಿಧೇಯತೆಯ ಹೆಸರಿನಲ್ಲಿ ಆಜ್ಞಾಪಿಸಿದರು. ಹದಿಮೂರು ವರ್ಷಗಳಿಂದ ಕಾಣದ ಗೆಳೆಯನನ್ನು ಇನ್ನೊಮ್ಮೆ ಕಾಣುವ ಆಸೆಯೂ ಅದರಲ್ಲಿ ಇದ್ದಿರಬೇಕು. ಆದರೆ ಆ ಹೊತ್ತಿಗೆ ಕ್ಸೇವಿಯರರು ತೀರಿಕೊಂಡು ಹತ್ತಿರಹತ್ತಿರ ಏಳು ತಿಂಗಳಾಗಿತ್ತು. ಅವರ ದೇಹ ಮಲಾಕ್ಕದ ಮಣ್ಣಿನಲ್ಲಿತ್ತು. ಮರಣದ ವಾರ್ತೆ ಇನ್ನೂ ಕಡಲ ಮೇಲೆಯೇ ಇತ್ತು. ಆ ಆಜ್ಞೆಯನ್ನು ಪಾಲಿಸುವವರು ಲೋಕದಲ್ಲಿರಲಿಲ್ಲ. 1554ರ ಮಾರ್ಚಿನಲ್ಲಿ ಪಾರ್ಥಿವ ಶರೀರ ಗೋವೆಗೆ ಬಂದಿತು. 1622ರ ಮಾರ್ಚ್ 12ರಂದು ಧರ್ಮಸಭೆ ಆ ಇಬ್ಬರು ಗೆಳೆಯರನ್ನೂ ಒಂದೇ ದಿನ ಸಂತರೆಂದು ಘೋಷಿಸಿತು. ಕಡಲು ಅಗಲಿಸಿದವರು ಬಲಿಪೀಠದಲ್ಲಿ ಕೂಡಿದರು.

ಪೂರ್ವ-ಪಶ್ಚಿಮದ ದೂರವನ್ನು ಕಡಲಿನಲ್ಲಿ ಖಚಿತವಾಗಿ ತಿಳಿಸಬಲ್ಲ ಗಡಿಯಾರ, ಇಂಗ್ಲೆಂಡಿನ ಜಾನ್ ಹ್ಯಾರಿಸನ್ನರ ಕೈಕೆಲಸದಿಂದ, 1761ರಲ್ಲಿ ಮೊದಲ ಸಾಗರಪರೀಕ್ಷೆಗೆ ಹೊರಟಿತು. ಕ್ಸೇವಿಯರರು ಬಯಸಿದ ನೆಲವನ್ನು ಮುಟ್ಟುವ ಕೆಲಸಕ್ಕೆ ಅಷ್ಟು ಕಾಲ ಹಿಡಿಯಲಿಲ್ಲ. ಅವರು ಸಾಯುವುದಕ್ಕೆ ಎರಡು ತಿಂಗಳ ಮುಂಚೆ, 1552ರ ಅಕ್ಟೋಬರ್ 6ರಂದು, ಇಟಲಿಯಲ್ಲಿ ಮತ್ತೆಯೊ ರಿಚ್ಚಿ ಎಂಬ ಮಗು ಹುಟ್ಟಿತ್ತು. ಯೇಸುಸಭೆಯ ಗುರುವಾಗಿ ಬೆಳೆದ ಆತನೇ 1583ರಲ್ಲಿ ಚೀನಾದ ಒಳನಾಡಿನಲ್ಲಿ ನೆಲೆಯೂರಿ 1601ರಲ್ಲಿ ಪೀಕಿಂಗ್ ನಗರವನ್ನು ಪ್ರವೇಶಿಸಿದನು. ದೋಣಿಗಾಗಿ ಕಾದವರೊಬ್ಬರು, ಇಳಿದವರು ಮತ್ತೊಬ್ಬರು.

ಇಂದು ನಮ್ಮ ಮಕ್ಕಳು ಕೊಲ್ಲಿ ದೇಶಗಳಿಂದ ಕ್ಷಣಾರ್ಧದಲ್ಲಿ ನಮ್ಮೊಡನೆ ಮಾತನಾಡುತ್ತಾರೆ. ಅವರ ಕಾಗದಕ್ಕಾಗಿ ಅಂಚೆಯವನ ದಾರಿ ಕಾಯುತ್ತಿದ್ದ ದಿನಗಳನ್ನು ನಮ್ಮ ಮನೆಯ ಹಿರಿಯರು ಮರೆತಿರಲಾರರು. ದೂರ ಕುಗ್ಗಿದೆ, ಆದರೆ ಕಾಯುವಿಕೆ ಮನುಷ್ಯನ ಬಾಳಿನಿಂದ ಅಳಿದಿಲ್ಲ. ಮಾಡಿದ ಪ್ರಾರ್ಥನೆಗೆ ಉತ್ತರ ಬಾರದಿರುವಾಗ, ಹಿಡಿದ ಕೆಲಸ ದಡ ಕಾಣುವ ಮುನ್ನವೇ ಕೈಜಾರುವಾಗ, ಶಾಂಗ್‌ಚುವಾನ್ ದ್ವೀಪದ ಆ ಹುಲ್ಲುಗುಡಿಸಲನ್ನು ನಾವು ನೆನೆಯೋಣ. ಮುಂದಿನ ಬಾರಿ ಹಳೆಯ ಗೋವೆಯ ಬೆಳ್ಳಿಯ ಪೆಟ್ಟಿಗೆಯ ಮುಂದೆ ಮೊಣಕಾಲೂರಿದಾಗ, ತಲುಪಿದ ಊರುಗಳಿಗಾಗಿ ಮಾತ್ರವಲ್ಲ, ತಲುಪದೆ ಉಳಿದ ಆ ಒಂದು ದಡಕ್ಕಾಗಿಯೂ ಸಂತರನ್ನು ಸ್ಮರಿಸೋಣ.